ಎರಡನೆಯ ಬ್ರೇಕು

ನಿದ್ದೆಯಲ್ಲೂ ಬ್ರೇಕು ಒತ್ತುವ ಹೆಂಗಸು ಈ ಭೂಮಂಡಲದಲ್ಲಿ ತಾನೊಬ್ಬಳೇ ಇರಬೇಕು ಅಂದುಕೊಳ್ಳುತ್ತ ಅವಳು ಕಣ್ಣು ಬಿಟ್ಟಳು. ಬಲಗಾಲಿನ ಮೀನಖಂಡ ಕಲ್ಲಾಗಿತ್ತು. ರಜೆಗೆಂದು ಬಾಡಿಗೆಗೆ ಹಿಡಿದ ಮನೆಯ ಆ ಹಳೆಯ ಮಂಚದಲ್ಲಿ ತಲೆಯನ್ನು ಗೋಡೆಗೂ ಪಾದವನ್ನು ಕಾಲ್ದೆಸೆಯ ಹಲಗೆಗೂ ಕೊಟ್ಟು ಒತ್ತಿದ ಒತ್ತಿಗೆ ಮಂಚ ಗೋಡೆಯಿಂದ ಒಂದು ಗೇಣು ಸರಿದಿತ್ತು, ಅದೂ ಪಕ್ಕದಲ್ಲಿ ಗೊರಕೆ ಹೊಡೆಯುವ ಗಂಡನ ಭಾರವನ್ನೂ ಹೊತ್ತುಕೊಂಡು. ಕನಸಿನಲ್ಲಿ ಯಾವುದೋ ಇಳಿಜಾರು, ಸ್ಟಿಯರಿಂಗ್ ಹಿಡಿದ ಯಾರದೋ ಕೈ. ಮುಖ ಮಾತ್ರ ಕಾಣುವುದಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲಡಿಗೂ ಒಂದು ಎರಡನೆಯ ಬ್ರೇಕು ಇಟ್ಟುಕೊಂಡು ಅರ್ಧ ಆಯಸ್ಸು ಕಳೆದವಳಿಗೆ ಬೇರೆ ಕನಸು ಎಲ್ಲಿಂದ ಬೀಳಬೇಕು? ಊರಲ್ಲಿ ಅವಳಿಗೆ ಬ್ರೇಕಮ್ಮ ಎಂದೇ ಹೆಸರು. ಮೊದಮೊದಲು ಹಿಂದಿನಿಂದ ಕರೆಯುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಈ ಕಾಲು ಉಳಿಸಿದ ಜೀವಗಳನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಈ ಸಮುದ್ರ ದಾಟಿ ಆಚೆ ದಡ ಮುಟ್ಟುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಬೀದಿನಾಯಿಗಳೇ ಇರಬಹುದು. ಆದರೂ ಜೀವ ಅಂದಮೇಲೆ ಜೀವವೇ. ಇಂಥ ಕಾಲನ್ನು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಬೇಕಾಗಿತ್ತು, ಹೀಗೆ ಬಾಡಿಗೆ ಮಂಚದಲ್ಲಿ ಮರಳಿನ ಮೇಲೆ ಮಲಗಿಸಬಾರದಾಗಿತ್ತು. ಮರಳಂತೂ ಹಾಸಿಗೆಯಲ್ಲಿ, ದಿಂಬಿನ ಹೊಲಿಗೆಯಲ್ಲಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ, ಕಿವಿಯೊಳಗೆ. ವಿಶ್ರಾಂತಿಗೆಂದು ಬಂದ ದಿನದಿಂದ ಅವಳು ಗುಡಿಸಿ ಹೊರಚೆಲ್ಲಿದ ಮರಳಿನಿಂದ ಇನ್ನೊಂದು ಕಡಲತೀರವನ್ನೇ ಮಾಡಬಹುದಿತ್ತು. ಸದ್ಯ, ಇವತ್ತು ಕೊನೆ. ನಾಳೆ ಬೆಳಿಗ್ಗೆ ಹೊರಡುವುದು. ಕೊನೆ ಎಂಬ ಮಾತು ಮನಸ್ಸಿಗೆ ಬಂದದ್ದೇ ಕಾಲು ಮತ್ತೆ ಹಲಗೆಯನ್ನು ಒತ್ತಿತು.

ಕಿಟಕಿಯ ಗಾಜಿಗೆ ಉಪ್ಪು ಹತ್ತಿ ಮಬ್ಬಾಗಿತ್ತು. ಮುಂಗೈಯಿಂದ ಒರೆಸಿದರೆ ಇನ್ನಷ್ಟು ಮಬ್ಬಾಯಿತು. ಆ ಮಬ್ಬಿನಾಚೆ ಒದ್ದೆ ಮರಳಿನ ಅಂಚಿನಲ್ಲಿ ಮಗಳು ಓಡುತ್ತಿದ್ದಳು. ಹದಿನಾಲ್ಕು ತುಂಬಿದ ಹುಡುಗಿಗೆ ಇಷ್ಟುದ್ದ ಕಾಲುಗಳು ಯಾವಾಗ ಬಂದವೋ. ಹೋದ ಬೇಸಿಗೆಯಲ್ಲಿ ಇರಲಿಲ್ಲ, ಆಣೆ ಮಾಡಿ ಹೇಳುತ್ತಾಳೆ. ಪಾದ ನೆಲ ಮುಟ್ಟುತ್ತಿತ್ತೋ ಇಲ್ಲವೋ, ಅಲೆಗಳು ಬಂದು, ನೋಡಿ, ದಾರಿ ಬಿಟ್ಟು ಹಿಂದೆ ಸರಿಯುತ್ತಿದ್ದವು. ಹಕ್ಕಿಗಳು ಹಾರುವುದನ್ನು ಮರೆತು ನಿಂತಿದ್ದವು. ಹಡಗೊಂದು ದೂರದಲ್ಲಿ ನಿಂತೇ ಇದ್ದದ್ದು ಇವಳನ್ನು ನೋಡುವುದಕ್ಕೇ ಇರಬೇಕು. ಹುಡುಗಿ ಪಾಚಿಗಟ್ಟಿದ ಕಲ್ಲುಗಳ ಕಡೆಗೆ ತಿರುಗಿದಾಗ ತಾಯಿಯ ಬಲಗಾಲು ಕೋಣೆಯ ತಣ್ಣನೆಯ ನೆಲವನ್ನು ಬಲವಾಗಿ ಒತ್ತಿತು. ಅಲ್ಲಿ ಮಗಳು ತಾನಾಗಿಯೇ ವೇಗ ತಗ್ಗಿಸಿ, ಕಲ್ಲುಗಳನ್ನು ಬಳಸಿ, ಮತ್ತೆ ವೇಗ ಹಿಡಿದಳು. ನೆಲ ಒತ್ತಿದ್ದು ದಂಡವಾಯಿತು. ದೂರದ ಊರಿನಲ್ಲಿ ಓಟಗಾರರಿಗೆಂದೇ ಒಂದು ಹಾಸ್ಟೆಲ್ ಶಾಲೆಯಿದೆ, ಅಲ್ಲಿಯ ಕೋಚ್ ಈ ಹುಡುಗಿಯ ಓಟ ನೋಡಿ, ಕಳಿಸಿಕೊಡಿ, ನಾನು ನೋಡಿಕೊಳ್ಳುತ್ತೇನೆ ಎಂದಿದ್ದರು. ರಜೆ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ತಿಳಿಸಿಬಿಡಿ, ಆಮೇಲೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ ಎಂದಿದ್ದರು. ನಿನ್ನೆ ಮಗಳು ಸ್ನಾನಕ್ಕೆ ಹೋಗಿದ್ದಾಗ ಕೋಚ್ ಫೋನ್ ಮಾಡಿದರು. ಅವಳು ಹೆಸರು ನೋಡಿದಳು, ಫೋನನ್ನು ಒದ್ದೆ ಟವೆಲ್‌ಗಳ ಗುಡ್ಡೆಯೊಳಗೆ ತುರುಕಿ ಮೇಲೆ ಕೂತುಕೊಂಡಳು. ಅದು ಕೆಳಗಿನಿಂದ ಗುಂಯ್‌ಗುಡುತ್ತಲೇ ಇತ್ತು, ಸಮಾಧಿ ಮಾಡಿದ ಜೀವಂತ ಪ್ರಾಣಿಯಂತೆ. "ಯಾರದಮ್ಮಾ ಫೋನು?" ಎಂದು ಬಚ್ಚಲಿನಿಂದ ಕೂಗು ಬಂತು. "ಯಾರೋ ಕಂಪನಿಯವ್ರು ಕಣೇ, ಸಾಲ ಬೇಕಾ ಅಂತ," ಎಂದಳು. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲವಳು ಇಷ್ಟು ವರ್ಷ ಬರೀ ಕಾರು ಕಲಿಸಿದ್ದು ದೇಶಕ್ಕೇ ನಷ್ಟ.

ತಿಂಡಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಟೀ. ಅತ್ತೆ ಬಾಗಿಲ ಬಳಿ ಮಡಚುವ ಕುರ್ಚಿಯಲ್ಲಿ ಕೂತು, ಕಾಲನ್ನು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು, ಎದುರಿಗಿದ್ದ ಅಷ್ಟು ದೊಡ್ಡ ಸಮುದ್ರವನ್ನು ಬಂದ ದಿನದಿಂದಲೂ ಒಪ್ಪಿಕೊಳ್ಳದೆ ನೋಡುತ್ತಿದ್ದರು. "ಇಷ್ಟೊಂದು ನೀರು ಇಟ್ಕೊಂಡು ಒಂದು ಲೋಟ ಕುಡಿಯೋಕಾಗಲ್ಲ ಅಂದ್ರೆ ಏನು ಪ್ರಯೋಜನ ಹೇಳು," ಎಂದರು. ಗಂಡ ಕನ್ನಡಕದ ಅಂಗಡಿಯವನು. ತನ್ನ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುತ್ತಿದ್ದ. "ಮಂಚ ಯಾಕೆ ಹೊಸ್ತಿಲಿಗೆ ಬಂದಿದೆ?" ಎಂದು ಕೇಳಿದ. ಬೆವರಿಳಿಸುತ್ತ ಒಳಗೆ ಬಂದ ಮಗಳು ಬ್ರೆಡ್ಡಿಗೆ ಕೈ ಹಾಕುತ್ತ, "ಅಮ್ಮ ಬ್ರೇಕ್ ಹಾಕಿರ್ತಾಳೆ," ಎಂದಳು. "ಇಲ್ಲಾಂದ್ರೆ ಸಮುದ್ರಕ್ಕೇ ಹೋಗಿರೋದು." ಎಲ್ಲರೂ ನಕ್ಕರು. ಅವಳೂ ನಕ್ಕಳು, ಟೀ ನೆತ್ತಿಗೆ ಹತ್ತುವಷ್ಟು. ಬರುವಾಗ ದಾರಿಯುದ್ದಕ್ಕೂ ಗಂಡನ ಪಕ್ಕ ಕೂತು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟಿನಲ್ಲಿ ಗುಳಿ ಬಿದ್ದಿದೆ ಎಂದು ಗಂಡ ಸೇರಿಸಿದ. "ಅಲ್ಲಿ ಬ್ರೇಕಿಲ್ಲ ಕಣೇ ಅಂತ ಹೇಳೀ ಹೇಳೀ ನನ್ನ ಗಂಟಲು ಹೋಯ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೀತಾನೆ, ಇವಳು ಪಕ್ಕದಲ್ಲಿ ಶಂಖ ಊದಿದಂಗೆ 'ನಿಧಾನಾ' ಅಂತಾಳೆ." "ನೀವು ಓಡ್ಸೋ ಅಂದಕ್ಕೆ ಬ್ರೇಕ್ ಸಾಲ್ದು ರೀ, ಲಂಗರು ಬೇಕು," ಎಂದಳು ಅವಳು. ಮಗಳು ಮೊಟ್ಟೆ ಬಾಯಲ್ಲಿಟ್ಟುಕೊಂಡೇ, "ಅಪ್ಪಂಗೆ ಕೊನೇ ಪಾಠ ಇನ್ನೂ ಆಗಿಲ್ಲ, ಅಲ್ವಾಮ್ಮಾ?" ಎಂದು, ನಗು ತಡೆಯಲಾರದೆ, ಎದ್ದು ಕುರ್ಚಿಯ ಮೇಲೆ ಎರಡೂ ಕಾಲು ಮಡಚಿ ಚಕ್ಕಂಬಕ್ಕಳ ಹಾಕಿ ಕೂತು ತೋರಿಸಿದಳು.

ಅದು ಬ್ರೇಕಮ್ಮನ ಪದ್ಧತಿ. ಬೇರೆ ಯಾವ ಸ್ಕೂಲಿನಲ್ಲೂ ಇಲ್ಲ. ಕಲಿಯುವವರ ಕೊನೆಯ ದಿನ ಕಾರನ್ನು ಗೋದಾಮುಗಳ ಹಿಂದಿನ ನೇರ ರಸ್ತೆಗೆ ತರಿಸುತ್ತಾಳೆ. ಅಲ್ಲಿ ಚಪ್ಪಲಿ ಕಳಚಿ, ಬ್ರೇಕಿನ ಮೇಲಿಂದ ಕಾಲು ತೆಗೆದು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಟ್ಟು, ಚಕ್ಕಂಬಕ್ಕಳ ಹಾಕಿ, ಕೈ ಕಟ್ಟಿ ಕೂರುತ್ತಾಳೆ. ಓರೆಗಣ್ಣಿನಲ್ಲಿ ನೋಡಿದವರ ಮುಖ ಸುಣ್ಣವಾಗುತ್ತದೆ. "ಮೇಡಂ, ಕಾಲು!" ಎಂದು ಕಿರುಚುತ್ತಾರೆ. "ರಜೆ ಮೇಲೆ ಹೋಗಿವೆ. ನೀವು ಓಡ್ಸಿ," ಎನ್ನುತ್ತಾಳೆ. ಓಡಿಸುತ್ತಾರೆ. ಓಡಿಸದೆ ಇನ್ನೇನು ಮಾಡುತ್ತಾರೆ? ಅತ್ತು ಓಡಿಸಿದವರಿದ್ದಾರೆ, ಹಾಡುತ್ತ ಓಡಿಸಿದವರಿದ್ದಾರೆ, ಒಬ್ಬ ವಕೀಲ ಊರು ದಾಟಿ ಮುಂದಿನ ಊರು ಮುಟ್ಟುವವರೆಗೂ ನಿಲ್ಲಿಸಲೇ ಇಲ್ಲ. ಆ ರಸ್ತೆಯಲ್ಲಿ ತನ್ನ ಎದೆ ಎಷ್ಟು ಹೊಡೆದುಕೊಳ್ಳುತ್ತದೆ, ತೊಡೆಯಡಿಯಲ್ಲಿ ಸಿಕ್ಕಿಹಾಕಿಕೊಂಡ ಬಲಪಾದ ಸೀಟಿನ ಸ್ಪಂಜನ್ನು ಎಷ್ಟು ಹಿಂಡುತ್ತದೆ ಎನ್ನುವುದನ್ನು ಮಾತ್ರ ಅವಳು ಯಾರಿಗೂ ಹೇಳಿದವಳಲ್ಲ. ಮತ್ತು ಆ ಬೇಕರಿಯವನ ವಿಷಯವನ್ನೂ. ಅವನು ಬಂದು ಕೂತರೆ ಕಾರೆಲ್ಲ ಬೆಳಗಿನ ಒಲೆಯ ಘಮ. ನಡುವಯಸ್ಸು, ದಪ್ಪ ಬೆರಳು, ಹೆಂಡತಿಯನ್ನು ಅವಳ ತವರಿಗೆ ತಾನೇ ಕರೆದುಕೊಂಡು ಹೋಗಬೇಕು ಎಂಬ ಒಂದೇ ಆಸೆ. ನಿಧಾನದ, ಎಚ್ಚರದ ಕೈ. ಆ ದಿನ ಮೇಲ್ಸೇತುವೆಯ ಇಳಿಜಾರಿನಲ್ಲಿ ಮುಂದೆ ಒಂದು ಬಸ್ಸು ನಿಧಾನ ಮಾಡಿತು, ಅಷ್ಟೇ. ಅವಳ ಕಾಲು ಯಾರ ಅಪ್ಪಣೆಗೂ ಕಾಯದೆ ಒತ್ತಿಬಿಟ್ಟಿತು. ಕಾರು ಕುಕ್ಕರಿಸಿ ನಿಂತಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ. ಅವನು ತನ್ನ ಪಾದದ ಕಡೆ ನೋಡಿದ. ಅದು ಆಗಲೇ ಬ್ರೇಕಿನ ಮೇಲೆ ಹದವಾಗಿ ಕೂತಿತ್ತು. "ನಾನೇ ಹಾಕ್ತಿದ್ದೆ ಮೇಡಂ," ಎಂದ. ಸಿಟ್ಟಿಲ್ಲ, ದೂರಿಲ್ಲ. ಮರುದಿನದಿಂದ ಬರಲಿಲ್ಲ. ಅವನ ಅಂಗಡಿಯ ಬೀದಿಯನ್ನು ಅವಳು ಇವತ್ತಿಗೂ ತಪ್ಪಿಸಿ ಓಡಾಡುತ್ತಾಳೆ, ಒಳ್ಳೆಯ ಬ್ರೆಡ್ಡಿಗೆ ಎರವಾಗಿ. ಮನೆಯವರು ಹಲ್ಲಿಗೆ ಅಂಟುವ ಈ ಬ್ರೆಡ್ಡನ್ನು ವರ್ಷಗಟ್ಟಲೆ ತಿಂದಿದ್ದರೆ ಅದಕ್ಕೆ ಅವಳ ಬಲಗಾಲೇ ಕಾರಣ, ಪಾಪ, ಅವರಿಗೆ ಗೊತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮರಳಿನಲ್ಲಿ ನೆಟ್ಟ ಕೊಡೆಯ ನೆರಳು ಸಣ್ಣದಾಗಿ, ನಾಲ್ವರೂ ಅದರೊಳಗೆ ಮೊಣಕಾಲು ಮಡಚಿ ಕೂತಿದ್ದರು. ಬೇಸಿಗೆ ಮುಗಿಯುವ ಕಾಲದ ಬಿಸಿಲಿಗೂ ಸುಸ್ತು ಬಂದಂತಿತ್ತು. ಸುಡುವ ಮನಸ್ಸಿಲ್ಲ, ಬಿಡುವ ಮನಸ್ಸೂ ಇಲ್ಲ. ಪಕ್ಕದ ಕೊಡೆಯವರು ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದರು, ಅವರ ಮಕ್ಕಳು ತೋಡಿದ ಹೊಂಡವೊಂದು ಉಳಿದಿತ್ತು. ಇದೇ ತೀರದಲ್ಲಿ ಈ ಹುಡುಗಿ ಮೊದಲ ಹೆಜ್ಜೆ ಇಟ್ಟದ್ದು. ನಾಲ್ಕು ಹೆಜ್ಜೆ ಹೋಗಿ ಬೀಳುವ ಮೊದಲೇ ತಾಯಿ ಹಿಡಿದಳು, ಬಿದ್ದೇ ಬೀಳುತ್ತಾಳೆ ಎಂದು. ಬೀಳುತ್ತಿದ್ದಳೋ ಇಲ್ಲವೋ ಇನ್ನು ಗೊತ್ತಾಗುವಂತಿಲ್ಲ. ಸೈಕಲ್ ಕಲಿಸುವಾಗ ಸೀಟು ಹಿಡಿದು ಬೀದಿಯುದ್ದಕ್ಕೂ ಓಡಿದಳು, ಬಿಟ್ಟಿದ್ದೀನಿ ಬಿಟ್ಟಿದ್ದೀನಿ ಎಂದು ಕೂಗುತ್ತಲೇ ಬಿಡದೆ. ಅಷ್ಟು ಓಡಿದ ತಾಯಂದಿರು ಚರಿತ್ರೆಯಲ್ಲಿ ಇಲ್ಲ. "ಅಮ್ಮಾ," ಎಂದಳು ಮಗಳು, ಮರಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಸುರಿಯುತ್ತ, "ಕೋಚ್‌ಗೆ ಏನಂತ ಹೇಳೋದು?"

"ಏನಂತ ಹೇಳ್ಬೇಕು ನಿಂಗೆ?"

"ನೀನು ಹೇಳು."

"ಓಡೋಳು ನಾನಾ?"

"ಕಳ್ಸೋಳು ನೀನಲ್ವಾ."

ಗಂಡ ಕನ್ನಡಕ ಒರೆಸತೊಡಗಿದ. ಕಷ್ಟದ ಮಾತು ಬಂದಾಗ ಅವನು ಒರೆಸಿದ ಕನ್ನಡಕಗಳು ಸವೆದು ಕಾಗದದಂತಾಗಿವೆ. "ನಂದೇನಿಲ್ಲಪ್ಪ, ಅಮ್ಮ ಮಗಳು ಏನು ಹೇಳಿದ್ರೆ ಅದು," ಎಂದ. ಹೋಗು ಎಂಬ ಎರಡಕ್ಷರ ಅವಳ ಗಂಟಲಿನಲ್ಲಿ ಎದ್ದು ಬಂತು, ನಾಲಿಗೆಯ ಬುಡದವರೆಗೂ ಬಂತು, ಅಲ್ಲಿ ಯಾರೋ ಬ್ರೇಕು ಒತ್ತಿದರು. ಊರಲ್ಲಿ ಸಂಜೆ ಡ್ರೈವಿಂಗ್ ಸ್ಕೂಲು ಮುಚ್ಚಿ ಬಂದಾಗ ಮೈದಾನದಿಂದ ಮಗಳ ಜೊತೆ ಓಡುತ್ತ ಮನೆಗೆ ಬರುವುದಿತ್ತಲ್ಲ. ಓಡುವುದು ಮಗಳು, ಏದುಸಿರು ತಾಯಿಯದು. ಮಗಳು ತಿರುಗಿ ತಿರುಗಿ ನಿಂತು, "ಬಾರಮ್ಮಾ ಟ್ರ್ಯಾಕ್ಟರೇ," ಎಂದು ಕರೆಯುವುದು. ದಿನವೆಲ್ಲ ಹೆದರಿದವರ ಪಕ್ಕ ಕೂತು ಹಿಂಡಿಹೋದ ಮೈಗೆ ಆ ಒಂದು ಕೂಗಿನಿಂದ ಜೀವ ಬರುವುದು. ಇನ್ನು ಆ ಬೀದಿಯಲ್ಲಿ ಒಬ್ಬಳೇ ನಡೆದು ಬರುವುದು. ಯಾಕೋ ತಟ್ಟನೆ ಒಂದು ಉಪಾಯ ಹೊಳೆಯಿತು, ತನ್ನ ಜಾಣತನಕ್ಕೆ ತಾನೇ ಬೆರಗಾಗುವಂಥದ್ದು.

ಪ್ರತಿ ಬೇಸಿಗೆಯ ಕೊನೆಯ ಸಂಜೆ ಈ ಮನೆಯವರಿಗೆ ಬಂಡೆ ಓಟ ಎಂಬುದೊಂದಿದೆ. ಬೋರಲಾಗಿ ಬಿದ್ದಿರುವ ಹಳೆಯ ದೋಣಿಯಿಂದ ಆ ಕಪ್ಪು ಬಂಡೆಯವರೆಗೆ ತಾಯಿ ಮಗಳು ಓಡಬೇಕು, ಬಂಡೆ ಮೊದಲು ಮುಟ್ಟಿದವರು ಗೆದ್ದಂತೆ. ಮಗಳು ಚೋಟುದ್ದ ಇದ್ದಾಗ ತಾಯಿ ಮುಂದೆ ಮುಂದೆ ಓಡಿ, ಬಂಡೆ ಹತ್ತಿರ ಬಂದಾಗ, "ಅಯ್ಯಯ್ಯೋ, ಹಿಡ್ಕೊಂಡ್ತು, ಹಿಡ್ಕೊಂಡ್ತು!" ಎಂದು ಬಲ ಮೀನಖಂಡ ಹಿಡಿದು, ಒಂದು ಕಣ್ಣು ಮುಚ್ಚಿ, ಒಂಟಿ ಮೊಣಕಾಲಿನ ಮೇಲೆ ಕುಸಿಯುತ್ತಿದ್ದಳು. ಪುಟ್ಟ ಹುಡುಗಿ ಪಕ್ಕದಿಂದ ತೂರಿ ಹೋಗಿ ಬಂಡೆಗೆ ಮುತ್ತಿಡುತ್ತಿತ್ತು. ಆ ನಟನೆಯನ್ನು ನೋಡಿದ್ದರೆ ನಾಟಕ ಕಂಪನಿಯವರು ಅವಳ ಮನೆ ಮುಂದೆ ಡೇರೆ ಹಾಕಿ ಕೂತಿರುತ್ತಿದ್ದರು. ಈಚೆಗೆ ನಟಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ದೋಣಿಯ ಬಳಿ ಬಿಟ್ಟ ಮಗಳು ಕಣ್ಣು ಮಿಟುಕಿಸುವುದರಲ್ಲಿ ಬಂಡೆಯ ಬಳಿ ಇರುತ್ತಿದ್ದಳು. ಆದರೂ ತಾಯಿ ಅರ್ಧ ದಾರಿಯಲ್ಲಿ ಕಾಲು ಹಿಡಿದುಕೊಂಡು ಕುಸಿಯುವುದನ್ನು ಬಿಟ್ಟಿರಲಿಲ್ಲ. ಸೋಲಿಗೆ ಒಂದು ಕಾರಣವಾದರೂ ಇರಲಿ ಎಂದು.

"ಒಂದು ಕೆಲ್ಸ ಮಾಡೋಣ," ಎಂದಳು ಅವಳು, ದೊಡ್ಡ ದನಿಯಲ್ಲಿ, ಸಮುದ್ರಕ್ಕೂ ಕೇಳಲಿ ಎಂಬಂತೆ. "ಸಾಯಂಕಾಲ ಬಂಡೆ ಓಟದಲ್ಲಿ ನನ್ನನ್ನ ಸೋಲಿಸು, ಹೋಗು. ನಾನು ಗೆದ್ದೆ ಅಂದ್ಕೋ, ಈ ವರ್ಷ ಮನೇಲಿರು. ಏನಂತೀಯಾ?"

ಗಂಡ ನಕ್ಕುಬಿಟ್ಟ. "ನೀನು ಗೆಲ್ಲೋದಾ? ಆಂಬುಲೆನ್ಸಿಗೆ ಈಗ್ಲೇ ಹೇಳಿಟ್ಟಿರ್ಲಾ?"

"ನಗ್ರೀ, ನಗಿ. ನಾನು ನಿಜವಾಗ್ಲೂ ಓಡಿದ್ದನ್ನ ನೀವು ಯಾರೂ ನೋಡೇ ಇಲ್ಲ. ಇಷ್ಟು ವರ್ಷ ಸುಮ್ನೆ ತಡ್ಕೊಂಡಿದ್ದೆ."

ಮಗಳು ನಗಲಿಲ್ಲ. ಕೈಯಲ್ಲಿದ್ದ ಮರಳನ್ನೆಲ್ಲ ಚೆಲ್ಲಿ, ಅಂಗೈ ಒರೆಸಿಕೊಂಡು, "ಸರಿ," ಎಂದಳು. ಅಷ್ಟೇ. ಎದ್ದು ನೀರಿನ ಕಡೆ ಹೋದಳು. ಎಷ್ಟು ಸುಲಭವಾಯಿತು ಎಂದು ತಾಯಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಸೋಲುವುದಂತೂ ಸೂರ್ಯ ಮುಳುಗುವಷ್ಟೇ ಖಚಿತ. ಬಾಯಿಂದ ಬಾರದ ಮಾತನ್ನು ಕಾಲಿನಿಂದ ಹೇಳಿಬಿಡುವುದು. ಕಳಿಸಿದೆ ಎಂಬುದೂ ಇಲ್ಲ, ತಡೆದೆ ಎಂಬುದೂ ಇಲ್ಲ. ಸೋತೆ, ಅದಕ್ಕೆ ಹೋದಳು, ಮುಗಿಯಿತು. ಮಂತ್ರಿಗಳಿಗೂ ಇಂಥ ಬುದ್ಧಿ ಹೊಳೆಯುವುದಿಲ್ಲ.

ಊಟವಾದ ಮೇಲೆ ಗಂಡ ಮಲಗಿದ. ಅವಳು ಅತ್ತೆಯ ಎದುರು ನೆಲದಲ್ಲಿ ಕೂತು ಒಣಗಿದ ಬಟ್ಟೆ ಕೊಡವಿ ಮಡಚಿ ಚೀಲಕ್ಕೆ ತುಂಬತೊಡಗಿದಳು. ಪ್ರತಿ ಬಟ್ಟೆಯಿಂದಲೂ ಒಂದು ಹಿಡಿ ತೀರ ಉದುರುತ್ತಿತ್ತು. ಮಗಳ ಓಟದ ಬೂಟುಗಳನ್ನು ಎಲ್ಲಿಡುವುದು? ಮನೆಗೆ ಹೋಗುವ ಚೀಲದಲ್ಲೋ, ಇನ್ನೂ ಕೊಂಡುಕೊಳ್ಳದ ಬೇರೆ ಒಂದು ಚೀಲದಲ್ಲೋ? ಕೈ ತಡೆಯಿತು. ಫೋನು ಮತ್ತೆ ಗುಂಯ್‌ಗುಟ್ಟಿತು. ಕೋಚ್. ಅವಳು ಅದನ್ನು ಬೂಟಿನೊಳಗೆ ಹಾಕಿದಳು. ಬೂಟು ನೆಲದ ಮೇಲೆ ನಡುಗುತ್ತ ತಾನಾಗಿಯೇ ಇಷ್ಟಿಷ್ಟು ಸರಿಯಿತು, ಹೊರಟೇಬಿಟ್ಟಿದೆಯೋ ಎಂಬಂತೆ. ತಲೆ ಎತ್ತಿದರೆ ಅತ್ತೆ ನೋಡುತ್ತಿದ್ದರು.

"ಎತ್ತಬಾರ್ದಾ?"

"ಸಾಯಂಕಾಲ ಆದ್ಮೇಲೆ ಮಾಡ್ತೀನಿ ಅತ್ತೆ. ಓಟ ಮುಗೀಲಿ."

"ಏನು ಓಟಾನೋ ಏನೋ. ಹುಡುಗಿ ಮುಖ ನೋಡಿದ್ಯಾ ನೀನು?"

"ಯಾಕೆ? ಅವಳು ಗೆದ್ದೇ ಗೆಲ್ತಾಳೆ. ಗೊತ್ತಿದ್ದೇ ಹೇಳಿದ್ದು."

"ನಂಗಂತೂ ಹೋಗ್ಬೇಡ ಅಂದಂಗೆ ಕೇಳಿಸ್ತಮ್ಮ." ಅತ್ತೆ ಬಕೆಟ್ಟಿನಿಂದ ಒಂದು ಕಾಲು ಎತ್ತಿ, ನೀರು ಸೋರಿಸಿ, ಮತ್ತೆ ಇಳಿಬಿಟ್ಟರು. ಒಳಗಿನ ಗೊರಕೆಯ ಕಡೆ ಗಲ್ಲ ಚಾಚಿ, "ಇವ್ನು ಹಡಗಿನ ಕೆಲ್ಸ ಕಲೀತೀನಿ ಅಂತ ಹೊರಟಿದ್ದ, ಗೊತ್ತಾ? ಹೊರಡೋ ದಿನ ನಂಗೆ ಹೊಟ್ಟೆನೋವು ಬಂತು. ಬಂತೋ, ಬರಿಸ್ಕೊಂಡ್ನೋ, ಈಗ್ಲೂ ಗೊತ್ತಿಲ್ಲ. ಹೋಗ್ಲಿಲ್ಲ ಅವ್ನು. ಕನ್ನಡಕ ಮಾರ್ತಾನೆ," ಎಂದರು. "ಒಳ್ಳೇ ಕನ್ನಡಕಾನೇ, ಇಲ್ಲ ಅನ್ನಲ್ಲ," ಎಂದು ಸೇರಿಸಿದರು. ಅವಳಿಗೆ ನಗು ಬಂತು, ನಕ್ಕಳು, ನಗು ಅರ್ಧದಲ್ಲಿ ಎಲ್ಲೋ ಹೋಯಿತು. ಈ ತೀರಕ್ಕೆ ಬಂದಾಗಲೆಲ್ಲ ಗಂಡ ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಾನೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಾನೆ. ಅವಳು ಅದನ್ನು ನಂಬಿಕೊಂಡು ಬಂದಿದ್ದಳು. ಮಗಳ ಬೂಟನ್ನು ಮಡಿಲಲ್ಲಿ ಇಟ್ಟುಕೊಂಡು, ಅದರ ಹಿಮ್ಮಡಿಯ ಸವೆತವನ್ನು ಹೆಬ್ಬೆರಳಿನಿಂದ ಉಜ್ಜುತ್ತ ಅವಳು ಬಹಳ ಹೊತ್ತು ಕೂತಳು. ಸರಿ ಎಂದಿದ್ದಳು ಹುಡುಗಿ. ಆ ಸರಿಯಲ್ಲಿ ಸಿಟ್ಟಿಲ್ಲ, ದೂರಿಲ್ಲ. ಅಂಥ ದನಿಯನ್ನು ಎಲ್ಲೋ ಕೇಳಿದ್ದೇನೆ ಅನಿಸಿತು. ಎಲ್ಲಿ ಎಂದು ಹೊಳೆಯುವ ಮೊದಲೇ ಗಂಡ ಎದ್ದು, ಕನ್ನಡಕ ಎಲ್ಲಿ ಎಂದು ಕೂಗಿದ.

ಇಳಿಬಿಸಿಲಿನಲ್ಲಿ ನೀರು ದೂರ ಸರಿದು ಮರಳು ಕನ್ನಡಿಯಂತೆ ಹೊಳೆಯುತ್ತಿತ್ತು. ಗಂಡ ಬೋರಲು ದೋಣಿಯ ಮೇಲೆ ಹತ್ತಿ ನಿಂತು ಟವೆಲ್ ಎತ್ತಿ ಹಿಡಿದ, ಜಗತ್ತಿನ ಎಲ್ಲ ಓಟಗಳ ತೀರ್ಪುಗಾರ ತಾನೇ ಎಂಬ ಗತ್ತಿನಲ್ಲಿ. ಕೋಚ್ ಮತ್ತೆ ಮಾಡಿದರೆ ಎಂದು ಅವಳು ತನ್ನ ಫೋನನ್ನು ಅವನ ಜೇಬಿಗೆ ಹಾಕಿದ್ದಳು. ಅತ್ತೆ ಕುರ್ಚಿಯನ್ನು ಇಷ್ಟು ಮುಂದೆ ಎಳೆಸಿಕೊಂಡಿದ್ದರು. ಟವೆಲ್ ಬಿತ್ತು. ಅವಳು ಓಡಿದಳು. ಭೂಮಿ ನಡುಗಿತು, ಏಡಿಗಳು ಬಿಲ ಸೇರಿದವು, ಮೈಯ ಒಂದೊಂದು ಭಾಗ ಒಂದೊಂದು ಕಡೆ ಹೊರಟು ಮತ್ತೆ ಕೂಡಿಕೊಂಡಿತು. ಮಗಳು ಆಗಲೇ ಮುಂದೆ, ಬೆನ್ನು, ಜಡೆ, ಹಿಮ್ಮಡಿ, ಹಿಮ್ಮಡಿ. ಸದ್ಯ, ಮುಗಿಯುತ್ತಿದೆ, ಓಡು ಪುಟ್ಟಿ, ಮುಟ್ಟಿಬಿಡು, ನಾನು ಏನೂ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತಿರುವಾಗ ಆ ಬೆನ್ನು ನಿಧಾನವಾಯಿತು. ಒಂದು ಸಲ ಹಿಂದೆ ತಿರುಗಿ ತಾಯಿ ಎಷ್ಟು ದೂರದಲ್ಲಿದ್ದಾಳೆ ಎಂದು ಅಳೆಯಿತು. ಇನ್ನೇನು ಬಂಡೆ ಹತ್ತಿರ ಬಂತು ಅನ್ನುವಾಗ ಮಗಳು, "ಅಯ್ಯಯ್ಯೋ, ಹಿಡ್ಕೊಂಡ್ತು, ಹಿಡ್ಕೊಂಡ್ತು!" ಎಂದು ಬಲ ಮೀನಖಂಡ ಹಿಡಿದು, ಒಂದು ಕಣ್ಣು ಮುಚ್ಚಿ, ಒಂಟಿ ಮೊಣಕಾಲಿನ ಮೇಲೆ ಕುಸಿದಳು.

ಅದೇ ಅಯ್ಯಯ್ಯೋ. ಅದೇ ಕಣ್ಣು. ಬೆರಳುಗಳು ಹರಡಿಕೊಂಡ ಬಗೆಯೂ ಅದೇ. ಹಾಗಾದರೆ ಮೊದಲಿನಿಂದಲೂ ಗೊತ್ತಿತ್ತು. ಬಂಡೆಗೆ ಮುತ್ತಿಟ್ಟು ಕುಣಿಯುತ್ತಿದ್ದ ಆ ಚೋಟುದ್ದದ ಹುಡುಗಿಗೂ ಗೊತ್ತಿತ್ತು, ಅಮ್ಮನ ಸಂತೋಷಕ್ಕೆಂದು ಕುಣಿದಿತ್ತು. ಅವಮಾನ ಕಿವಿಯವರೆಗೂ ಬಿಸಿಯಾಗಿ ಹತ್ತಿತು. ಅವಳು ವೇಗ ತಗ್ಗಿಸಿದಳು. ಮಗಳು ಕುಂಟುತ್ತ ಎದ್ದು ಇನ್ನೂ ನಿಧಾನ ಮಾಡಿದಳು. ಇವಳು ನಡೆದಳು, ಅವಳು ತೆವಳಿದಳು. "ಏನಾಯ್ತು ಇಬ್ರಿಗೂ? ರಿವರ್ಸ್ ಗೇರ್ ಬಿತ್ತಾ?" ಎಂದು ದೋಣಿಯ ಮೇಲಿಂದ ಗಂಡ ಕೂಗಿದ. ಹೀಗೆ ಸೋಲುವುದಕ್ಕೆ ಪೈಪೋಟಿ ಮಾಡುತ್ತ ಇಬ್ಬರೂ ಬಂಡೆಯ ಹತ್ತಿರ ಬಂದರು. ಮಗಳ ಮುಖ ಪಕ್ಕದಲ್ಲೇ ಇತ್ತು, ತುಟಿ ಬಿಗಿಹಿಡಿದು, ಬಂಡೆಯನ್ನು ನೋಡದೆ ಸಮುದ್ರವನ್ನು ನೋಡುತ್ತ. "ನೀನೇ ಮುಟ್ಟಮ್ಮ," ಎಂದಳು ಮೆಲ್ಲಗೆ. "ಪರ್ವಾಗಿಲ್ಲ. ನಂಗೆ ನಿಜವಾಗ್ಲೂ ಕಾಲು ನೋವು."

ಬಂಡೆ ಕೈಗೆಟುಕುವಷ್ಟರಲ್ಲಿತ್ತು. ಅದರ ಮೇಲಿನ ಚಿಪ್ಪುಗಳು, ಉಪ್ಪಿನ ಬಿಳಿ ಗೆರೆ, ಎಲ್ಲ ಕಾಣುತ್ತಿತ್ತು. ತಾಯಿಯ ಕೈ ಎದ್ದಿತು. ಯಾರ ಅಪ್ಪಣೆಗೂ ಕಾಯಲಿಲ್ಲ, ಎದ್ದು ಮುಂದೆ ಚಾಚಿಕೊಂಡಿತು. ಒಂದು ಬೆರಳು ತಾಗಿದರೆ ಸಾಕು, ಹುಡುಗಿ ಮನೆಯಲ್ಲಿರುತ್ತಾಳೆ. ಸಂಜೆ ಬೀದಿಯಲ್ಲಿ ಬಾರಮ್ಮಾ ಟ್ರ್ಯಾಕ್ಟರೇ ಎಂದು ಕೂಗುತ್ತಾಳೆ. ಯಾರೂ ಯಾರನ್ನೂ ತಡೆದಂತಾಗುವುದಿಲ್ಲ. ಆಟದಲ್ಲಿ ಸೋತದ್ದು ಅಷ್ಟೇ. ಮುಂದೆ ಎಂದಾದರೊಂದು ದಿನ ಇದೇ ಹುಡುಗಿ ಇದೇ ತೀರದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಾಳೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತ. ತನ್ನ ಚಾಚಿದ ಬೆರಳುಗಳನ್ನು ಅವಳು ನೋಡಿದಳು. ಇಂಥ ಕೈ ತನ್ನದು ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನಾನೇ ಹಾಕ್ತಿದ್ದೆ ಮೇಡಂ. ಕಾರಿನ ತುಂಬ ಬ್ರೆಡ್ಡಿನ ಘಮ, ಹಿಂದೆ ಹಾರ್ನುಗಳು, ಬ್ರೇಕಿನ ಮೇಲೆ ಆಗಲೇ ಹದವಾಗಿ ಕೂತಿದ್ದ ಆ ಪಾದ.

ಅವಳು ಕೈ ಹಿಂದೆ ತೆಗೆದುಕೊಂಡಳು. ನಿಂತಲ್ಲೇ, ಒದ್ದೆ ಮರಳಿನ ಮೇಲೆ, ಕೊಬ್ಬಿದ ಸೊಂಟ ಕಟಕಟ ಎನ್ನುವಂತೆ ಕೆಳಗೆ ಕೂತಳು. ಎಡಗಾಲು ಮಡಚಿದಳು. ಮಡಚಲು ಒಪ್ಪದ ಬಲಗಾಲನ್ನು ಎರಡೂ ಕೈಯಿಂದ ಎಳೆದು ತೊಡೆಯ ಕೆಳಗೆ ತುರುಕಿದಳು. ಚಕ್ಕಂಬಕ್ಕಳ ಹಾಕಿ, ಕೈ ಕಟ್ಟಿ, ಮುಂದೆ ನೋಡುತ್ತ ಕೂತಳು.

ಮಗಳು ಕುಂಟುವುದನ್ನು ಮರೆತು ನಿಂತುಬಿಟ್ಟಳು.

"ಅಮ್ಮಾ, ಕಾಲು," ಎಂದಳು.

"ರಜೆ ಮೇಲೆ ಹೋಗಿವೆ," ಎಂದಳು ಅವಳು. "ನೀನು ಹೋಗು ಪುಟ್ಟಿ."

ಮಗಳ ಕೈ ಇನ್ನೂ ಮೀನಖಂಡದ ಮೇಲೇ ಇತ್ತು. ಆಮೇಲೆ ಬಿಟ್ಟಿತು. ಅವಳು ನೆಟ್ಟಗಾದಳು, ಎಷ್ಟು ಎತ್ತರ, ಕೆಳಗೆ ಕೂತು ನೋಡಿದರೆ ಆಕಾಶದವರೆಗೂ ಮಗಳೇ. ಬಂಡೆಯ ಮೇಲೆ ಅಂಗೈಯಿಂದ ಒಂದೇ ಒಂದು ಏಟು ಹೊಡೆದಳು, ಚಟಾರನೆ. ಅಲ್ಲಿ ನಿಲ್ಲಲಿಲ್ಲ. ಬಂಡೆ ದಾಟಿ, ತೀರ ಬಾಗುವ ಕಡೆಗೆ, ಅಲೆ ಬಿಟ್ಟುಹೋದ ನುಣ್ಣನೆಯ ಅಂಚಿನಲ್ಲಿ ಓಡಿದಳು, ಓಡುತ್ತಲೇ ಹೋದಳು. ತಾಯಿಯ ತೊಡೆಯಡಿಯಲ್ಲಿ ಬಲಪಾದ ಮರಳನ್ನು ಒತ್ತುತ್ತಿತ್ತು, ಒತ್ತುತ್ತಿತ್ತು. ಅವಳು ತನ್ನ ಮೈಯ ಭಾರವನ್ನೆಲ್ಲ ಅದರ ಮೇಲೆ ಹೇರಿ ಕೂತಿದ್ದಳು.

ಗಂಡ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ನಿಂತ. ಈ ಸಲ ಅವನು ಸಮುದ್ರಕ್ಕೆ ಮುಖ ಮಾಡಿಯೇ ನಿಂತಿದ್ದ. "ಏಳೇ, ನೀರು ಬರ್ತಿದೆ," ಎಂದ.

"ಇರಿ. ಅವಳು ಆ ತಿರುವು ದಾಟ್ಲಿ." ಮುಖ ತಿರುಗಿಸದೆ ಕೈ ಚಾಚಿದಳು. "ಆ ಫೋನ್ ಕೊಡಿ."

ಅಲೆಯ ತುದಿ ಬಂದು ಅವಳ ಸುತ್ತ ಹರಡಿ, ಕೂತಲ್ಲಿ ಒದ್ದೆ ಮಾಡಿ, ಹಿಂದೆ ಸರಿಯಿತು. ಆ ಕಡೆ ಕೋಚ್ ಅವರ ಫೋನು ರಿಂಗಾಗುತ್ತಿತ್ತು. ತಿರುವಿನಲ್ಲಿ ಈಗ ಯಾರೂ ಇರಲಿಲ್ಲ, ಹೆಜ್ಜೆಗಳಲ್ಲಿ ನೀರು ತುಂಬುತ್ತಿತ್ತು. ಅವಳು ಬಲಗಾಲನ್ನು ಕದಲಿಸಲು ನೋಡಿದಳು. ಅದು ಜೋಮು ಹಿಡಿದು, ತನ್ನದಲ್ಲವೆಂಬಂತೆ ಬಿದ್ದಿತ್ತು.